ತೊಂಬತ್ತೇಳನೆಯ ವಾಕ್ಯ

ತೊಂಬತ್ತೇಳನೆಯ ವಾಕ್ಯ ಎರಡನೆಯ ಸಲ ವಾಪಸು ಬಂದಾಗ ಆದಿಲಕ್ಷ್ಮಮ್ಮನಿಗೆ ಮೊದಲು ಅನಿಸಿದ್ದು, ಇದನ್ನು ಬರೆದವರಿಗೆ ತನ್ನ ಮನೆಯ ಸಂಗತಿ ಗೊತ್ತಿದೆ ಎಂದು. ಬರೆದವರು ಯಾರೋ, ಎಲ್ಲಿಯವರೋ, ಲಕ್ಕೂರು ಎಂಬ ಊರು ಇದೆಯೆಂದೇ ಅವರಿಗೆ ತಿಳಿದಿರಲಿಕ್ಕಿಲ್ಲ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಅವಳ ಉಸಿರೇ ಬೇರೆ ಯಾರದೋ ಉಸಿರಿನಂತೆ ಕೇಳುತ್ತಿತ್ತು. ಲ್ಯಾಪ್‌ಟಾಪು ಹುಳು ಸಾಕುವ ಮನೆಯ ನಡುವೆ ರಾಗಿ ಡಬ್ಬದ ಮೇಲೆ ಕೂತಿತ್ತು, ಅವಳು ಅದರ ಮುಂದೆ ಚಾಪೆಯ ಮೇಲೆ. ಈ ಮನೆಯಲ್ಲಿ ರೇಷ್ಮೆ ಹುಳು ಸಾಕುವುದು ನಿಂತು ಮೂರು ವರ್ಷವಾಗಿತ್ತು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿ ನಿಂತಿದ್ದವು. ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟಿದ್ದಳು. ಹೊರಗಿನ ಸದ್ದು ಒಳಗೆ ಬರಬಾರದು, ಒಳಗಿನ ಸದ್ದು ಗೋಡೆಗೆ ಬಡಿದು ಮರಳಬಾರದು ಎಂದು ಮಾಲೂರಿನ ತರಬೇತಿ ಕೇಂದ್ರದಲ್ಲಿ ಹೇಳಿಕೊಟ್ಟಿದ್ದರು. ಊರಿಗೆಲ್ಲ ಅಂಥ ಜಾಗ ಇದೊಂದೇ. ಆದರೂ ಕೆಲವೊಮ್ಮೆ, ಓದುವುದನ್ನು ನಿಲ್ಲಿಸಿದ ಕೂಡಲೇ, ಖಾಲಿ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಕಿವಿಗೆ ಬಿದ್ದಂತಾಗುತ್ತಿತ್ತು. ಹೆಡ್‌ಫೋನು ತೆಗೆದರೆ ಇರುತ್ತಿರಲಿಲ್ಲ.

ಕೆಲಸವೆಂದರೆ ಇಷ್ಟೇ. ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ, ಕೆಂಪು ಗುಂಡಿ ಒತ್ತಿ ಅದನ್ನು ಓದಬೇಕು, ಮತ್ತೆ ಒತ್ತಿ ನಿಲ್ಲಿಸಬೇಕು, ಕೇಳಿ ನೋಡಿ ಕಳಿಸಬೇಕು. ಯಾವುದೋ ಯಂತ್ರಕ್ಕೆ ಈ ಸೀಮೆಯ ಜನ ಮಾತಾಡುವ ರೀತಿಯನ್ನು ಕಲಿಸುತ್ತಾರಂತೆ. ನೂರು ವಾಕ್ಯದ ಪರೀಕ್ಷೆ. ನೂರಕ್ಕೂ ಹಸಿರು ಗುರುತು ಬಿದ್ದರೆ ಮನೆಯಲ್ಲೇ ಕೂತು ಮಾಡುವ ಕೆಲಸ ಅವಳದು. ಇಂದು ಸಂಜೆ ಆರರೊಳಗೆ ಬೀಳದಿದ್ದರೆ ಸೋಮವಾರ ಲ್ಯಾಪ್‌ಟಾಪನ್ನು ಕೇಂದ್ರಕ್ಕೆ ಒಪ್ಪಿಸಿ ಬರಬೇಕು. ಆಮೇಲೆ ಮೈದುನ ಸೊಣ್ಣಪ್ಪನ ಮನೆಯ ಹಿಂದಿನ ಕೋಣೆ ಇದ್ದೇ ಇದೆ. ಅತ್ತೆಯೂ ಅವಳೂ ಅಲ್ಲಿಗೆ ಬಂದು ಇರಬಹುದೆಂದು ಅವನು ಎರಡು ಸಲ ಹೇಳಿಯಾಗಿದೆ. ಎರಡನೆಯ ಸಲ ಹೇಳುವಾಗ ಅವನ ಹೆಂಡತಿ ಪಾತ್ರೆಗಳನ್ನು ಕೊಂಚ ಜೋರಾಗಿಯೇ ಕುಕ್ಕಿದ್ದಳು.

ನಲವತ್ತಾರನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ ಶುರುಮಾಡಿದ ಹಾಗಿತ್ತು. ಹತ್ತಿರದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಸಣ್ಣ ಸಣ್ಣ ವೈರುಗಳನ್ನು ಜೋಡಿಸಿದ್ದ ಕೈ ಅವಳದು. ಒಂದು ದಿನ ಕಣ್ಣಿನ ಪರೀಕ್ಷೆ ಮಾಡಿಸಿ, ಊಟದ ಡಬ್ಬಿ ಕೊಡುವಷ್ಟೇ ಸಲೀಸಾಗಿ ಮನೆಗೆ ಕಳಿಸಿದ್ದರು. ಮಾಲೂರಿನಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರು ಕಲಿಸುತ್ತಾರೆಂದು ಪಕ್ಕದ ಮನೆಯ ವಾಣಿಶ್ರೀ ಹೇಳಿದಳು. ಮೊದಲ ದಿನ ಮೌಸು ಮೇಜಿನ ಅಂಚಿಗೆ ಬಂತು, ಬಾಣದ ಗುರುತು ಇನ್ನೂ ಮುಂದೆ ಹೋಗಬೇಕಿತ್ತು. ಎತ್ತಿ ಇಡಬಹುದೆಂದು ಹೊಳೆಯದೆ ಅವಳು ಮೇಜನ್ನೇ ಎಳೆದುಕೊಂಡಳು. ಹಿಂದಿನ ಸಾಲಿನ ಹುಡುಗಿಯರು ನಕ್ಕರು. ಕಲಿಸುವ ಅನಿತ ನಗಲಿಲ್ಲ, ಆದರೆ ನಗದಿರಲು ಅವಳು ತುಟಿ ಕಚ್ಚಿಕೊಂಡದ್ದು ನಗುವಿಗಿಂತ ಹೆಚ್ಚಾಗಿ ನಾಟಿತು. ಇನ್ನೊಂದು ದಿನ ಮನೆಯಿಂದಲೇ ಪಾಠ. ತನ್ನ ಮೈಕು ಮುಚ್ಚಿದೆಯೆಂದು ತಿಳಿದು ಆದಿಲಕ್ಷ್ಮಮ್ಮ ಅತ್ತೆಯ ಮೇಲೆ ರೇಗಿದ್ದಳು: ನಿಮಗೆ ಮಾಡಿ ಹಾಕಿ ಹಾಕಿಯೇ ನನ್ನ ಆಯಸ್ಸು ಮುಗಿಯುತ್ತೆ. ಹದಿನಾರು ಮನೆಗಳಲ್ಲಿ ಅದು ಕೇಳಿಸಿತು. ಪರದೆಯ ಮೇಲಿನ ಹದಿನಾರು ಮುಖಗಳು ಅವಳನ್ನು ನೋಡುತ್ತಿದ್ದವೋ ಇಲ್ಲವೋ, ಎಲ್ಲ ಮುಖಗಳೂ ಸ್ವಲ್ಪ ಕೆಳಗೆ ನೋಡುತ್ತಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಈ ಕೆಲಸದಲ್ಲಿ ಆಡಿದ ಮಾತನ್ನು ಅಳಿಸಿ ಮತ್ತೆ ಆಡಬಹುದು, ಅದೊಂದು ಅವಳಿಗೆ ಹಿಡಿಸಿತ್ತು. ಹೊಸದು ಓದಿದರೆ ಹಳೆಯದು ಹೋಗಿಬಿಡುತ್ತದೆ, ಮತ್ತೆ ಹುಡುಕಿದರೂ ಸಿಗುವುದಿಲ್ಲ ಎಂದು ಅನಿತ ಹೇಳಿದಾಗ ಉಳಿದವರು ಅಯ್ಯೋ ಎಂದಿದ್ದರು, ಇವಳಿಗೆ ಸಮಾಧಾನವಾಗಿತ್ತು.

ತೊಂಬತ್ತೈದನೆಯ ವಾಕ್ಯ, ಅಮರನಾಥ್ ಎರಡು ಕೆಜಿ ಹುರಳಿಕಾಯಿ ಕೊಂಡನು. ತೊಂಬತ್ತಾರು, ಶ್ರೀನಿವಾಸಪುರದ ಮಾವಿನಹಣ್ಣು ಈ ವರ್ಷ ತುಂಬಾ ಸಿಹಿಯಾಗಿದೆ. ಎಲ್ಲ ಹೀಗೆಯೇ, ಯಾರದೂ ಅಲ್ಲದ ಮಾತುಗಳು. ಹಿಟ್ಟು ಬೀಸುವ ಹಾಗೆ ಒಂದಾದ ಮೇಲೊಂದು ಓದುತ್ತ ಹೋಗಿದ್ದಳು. ತೊಂಬತ್ತೇಳು ಬಂತು. ಮುನಿಯಲ್ಲಪ್ಪ ನಾಳೆ ಮುಳಬಾಗಿಲಿನಿಂದ ಬರುತ್ತಾನೆ. ಅವಳ ಕೈ ಗುಂಡಿಯ ಮೇಲೆಯೇ ನಿಂತಿತು. ಮುನಿಯಲ್ಲಪ್ಪ ಅವಳ ಗಂಡನ ಹೆಸರು. ಮುಳಬಾಗಿಲಿನಿಂದ ಬರುವಾಗಲೇ ಅವನು ಹೋದದ್ದು, ಬಂದು ತಲುಪಿರಲಿಲ್ಲ. ಈ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಒಬ್ಬ ಮುನಿಯಪ್ಪನಿಗೋ ಮುನಿಕೃಷ್ಣನಿಗೋ ತಾಗುತ್ತದೆ, ಹೆಸರು ಕೂಡಿಬಂದದ್ದರಲ್ಲಿ ಅಂಥ ವಿಶೇಷವಿಲ್ಲ. ಮುಳಬಾಗಿಲಿಗೂ ದಿನಕ್ಕೆ ನೂರು ಬಸ್ಸು. ಆದರೂ ನಾಳೆ ಎಂಬ ಮಾತನ್ನು ಅವಳು ಬಹಳ ಹೊತ್ತು ನೋಡುತ್ತ ಕೂತಳು. ಆಮೇಲೆ ಗುಂಡಿ ಒತ್ತಿ, ಹೆಸರಿನ ಜಾಗದಲ್ಲಿ ಒಂದು ಉಸಿರಿನಷ್ಟು ಬಿಟ್ಟು, ನಾಳೆ ಮುಳಬಾಗಿಲಿನಿಂದ ಬರುತ್ತಾನೆ ಎಂದಷ್ಟೇ ಓದಿ ಕಳಿಸಿದಳು. ಉಳಿದ ಮೂರನ್ನೂ ಓದಿ ಮುಗಿಸುವಷ್ಟರಲ್ಲಿ, ಹತ್ತು ನಿಮಿಷಕ್ಕೆ, ಕೆಂಪು ಗುರುತು: ಪದ ಬಿಟ್ಟುಹೋಗಿದೆ. ಎರಡನೆಯ ಸಲ ಹೆಸರಿನ ಮೇಲೆ ಕೆಮ್ಮಿದಳು. ಅದೂ ವಾಪಸು ಬಂತು.

ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ಹೆಂಗಸರು ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿದಾಗ ಒಂದೇ ಒಂದು ಸಲ ಹೇಳಿದ್ದಳು, ತಲೆ ತಗ್ಗಿಸಿ, ಸೆರಗಿನೊಳಗೆ. ಅದು ಶಾಸ್ತ್ರ. ಆಮೇಲೆ ಅತ್ತೆ ಚಿಕ್ಕಗಂಗಮ್ಮ ಅವಳನ್ನು ಅಡುಗೆಮನೆಗೆ ಕರೆದು, ಹೇಳಿದ್ದು ಇದೇ ಕೊನೆ, ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದಷ್ಟೂ ಅವನ ಆಯಸ್ಸು ಸವೆಯುತ್ತದೆ ಎಂದಳು. ಅದಾದ ಮೇಲೆ ಇಪ್ಪತ್ನಾಲ್ಕು ವರ್ಷ ಅವಳು ಮುನೇಶ್ವರ ದೇವರನ್ನೂ ದೊಡ್ಡ ದೇವರು ಎಂದಳು, ಡೇರಿಯ ಮುನೇಶನನ್ನು ಹಾಲಿನವನು ಎಂದಳು. ಕಚೇರಿಗಳಲ್ಲಿ ಗಂಡನ ಹೆಸರು ಕೇಳಿದರೆ ರೇಷನ್ ಕಾರ್ಡನ್ನು ಮುಂದೆ ಚಾಚಿದಳು. ಬರೆಯಲು ಅಡ್ಡಿಯಿರಲಿಲ್ಲ, ಮಾಲೂರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಆ ಹೆಸರನ್ನು ಟೈಪು ಮಾಡಿಯೂ ಇದ್ದಳು. ಬೇರೆ ಹೆಂಗಸರಿಗೆ ಒಂದು ದಾರಿಯಿತ್ತು, ಮಗುವಾದ ಮೇಲೆ ಗೋಪಿ ಅಪ್ಪ, ಗಂಗಾ ಅಪ್ಪ ಎಂದು ಕೂಗಬಹುದಿತ್ತು. ಇವಳಿಗೆ ಮಕ್ಕಳಾಗಲಿಲ್ಲ. ಆದ್ದರಿಂದ ಅವನಿಗೆ ಅವಳ ಬಾಯಲ್ಲಿ ಹೆಸರೇ ಇರಲಿಲ್ಲ. ಇಕಾ ಎನ್ನುತ್ತಿದ್ದಳು, ಇಗೋ ಎಂಬಂತೆ. ಇಕಾ, ಊಟಕ್ಕೆ ಬನ್ನಿ. ಇಕಾ, ಬಾಗಿಲು ಹಾಕ್ಕೊಳಿ. ಮನೆಯೊಳಗೆ ತನ್ನನ್ನು ಬಿಟ್ಟು ಇರುವ ಇಬ್ಬರಲ್ಲಿ ಒಬ್ಬರನ್ನು ಕರೆಯಲು ಅಷ್ಟು ಸಾಕಾಗಿತ್ತು.

ಮೂರನೆಯ ಸಲಕ್ಕೆ ಅವಳು ಒಂದು ಉಪಾಯ ಹೂಡಿದಳು. ವಾಣಿಶ್ರೀಯನ್ನು ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿ, ಹೆಸರು ನೀನು ಹೇಳು, ಉಳಿದದ್ದು ನಾನು ಹೇಳುತ್ತೇನೆ ಎಂದಳು. ವಾಣಿಶ್ರೀ ಸಂತೋಷದಿಂದಲೇ ಒಪ್ಪಿದಳು. ಸತ್ತ ನೆರೆಯವನ ಹೆಸರನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ ಆದಿಲಕ್ಷ್ಮಮ್ಮನಿಗೆ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಇಬ್ಬರೂ ಸೇರಿ ಒಂದು ವಾಕ್ಯವನ್ನು ಮುಗಿಸಿ, ಪಾಲುದಾರರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ವಾಣಿಶ್ರೀ ಮನೆಗೆ ಹೋದ ಸ್ವಲ್ಪ ಹೊತ್ತಿಗೆ ಗುರುತು ಬಂತು, ಕೆಂಪು. ಕಾರಣ: ಎರಡು ಧ್ವನಿಗಳಿವೆ. ಅದರ ಹಿಂದೆಯೇ, ಓದಿದ್ದನ್ನೆಲ್ಲ ಆ ಕಡೆ ಕೂತು ಕೇಳುವ ಅನಿತಳ ಫೋನು.

ಅನಿತ ಕೋಪ ಮಾಡಿಕೊಂಡಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಸುಲಭವಿತ್ತು. ಉಳಿದ ತೊಂಬತ್ತೊಂಬತ್ತೂ ಆಗಿವೆ, ಇದೊಂದಕ್ಕೆ ಯಾಕೆ ಹೀಗೆ ಎಂದು ಕೇಳಿದಳು. ಅದರಲ್ಲಿ ಹೆಸರಿದೆಯಲ್ಲ ಎಂದಷ್ಟೇ ಆದಿಲಕ್ಷ್ಮಮ್ಮ ಹೇಳಿದಳು. ಆಮೇಲೆ ಅನಿತಳ ದನಿ ತಗ್ಗಿತು. "ಮನೆಯವ್ರ ಹೆಸರಾ ಅಮ್ಮಾ?" ಎಂದಳು. "ನಮ್ಮಮ್ಮಾನೂ ಹೇಳಲ್ಲ. ಆದ್ರೆ ಈ ವಾಕ್ಯ ಬದಲಾಯಿಸೋಕೆ ನನ್ ಕೈಲಿ ಆಗಲ್ಲ. ಮಿಷಿನ್‌ಗೆ ಅದು ಗಂಡನೂ ಅಲ್ಲ, ಯಾರೂ ಅಲ್ಲ. ಒಂದ್ ಸಲ ಹೇಳ್ಬಿಡಿ. ಹೋದೋರ ಆಯಸ್ಸು ಇನ್ನೆಲ್ಲಿ ಕಮ್ಮಿಯಾಗುತ್ತೆ?" ಹೇಳಿದ ಮೇಲೆ ತಾನು ಹೇಳಿದ್ದು ಹೆಚ್ಚಾಯಿತೆಂದು ಅವಳಿಗೇ ಅನಿಸಿರಬೇಕು, ಆರು ಗಂಟೆಯನ್ನು ನೆನಪಿಸಿ ಬೇಗ ಫೋನಿಟ್ಟಳು. ಆಗ ನಾಲ್ಕೂಕಾಲು.

ಅನಿತ ಹೇಳಿದ್ದು ಸರಿ. ಆಯಸ್ಸಿನ ಭಯ ಇರಲಿಲ್ಲ. ನಿಜ ಹೇಳಬೇಕೆಂದರೆ ಅಂದೂ ಇರಲಿಲ್ಲ. ಆ ಸಂಗತಿಯ ಹತ್ತಿರ ಹೋದಾಗಲೆಲ್ಲ ಅವಳ ಮನಸ್ಸು ಬಿಸಿ ಪಾತ್ರೆ ಮುಟ್ಟಿದ ಕೈಯ ಹಾಗೆ ಹಿಂದಕ್ಕೆ ಬರುತ್ತಿತ್ತು. ಇಂದು ಮಾತ್ರ ಹೆಡ್‌ಫೋನು ಕಿವಿಯನ್ನು ಮುಚ್ಚಿ ಹಿಡಿದಿತ್ತು, ಬಾಗಿಲಿಗೆ ಕೌದಿಯಿತ್ತು, ಹೋಗಲು ಬೇರೆ ಜಾಗವಿರಲಿಲ್ಲ. ಮುಳಬಾಗಿಲಿನ ಕಡೆ ನೆಂಟರ ಹುಡುಗಿಯೊಬ್ಬಳ ನಿಶ್ಚಿತಾರ್ಥ ಮುಗಿಸಿಕೊಂಡು ವ್ಯಾನಿನಲ್ಲಿ ಬರುತ್ತಿದ್ದರು. ಚಹಾಕ್ಕೆಂದು ಹೆದ್ದಾರಿಯ ಪಕ್ಕ ನಿಲ್ಲಿಸಿದಾಗ ಮಧ್ಯಾಹ್ನ ಮೂರು ಗಂಟೆ. ಮಾವನ ಅಣ್ಣತಮ್ಮಂದಿರು, ಭಾವ, ಗಂಡಿನ ಕಡೆಯ ಇಬ್ಬರು ಹಿರಿಯರು ವ್ಯಾನಿನ ನೆರಳಿನಲ್ಲಿ ನಿಂತು ಜಮೀನಿನ ಮಾತಾಡುತ್ತಿದ್ದರು. ಅವನು ಎಳನೀರು ನೋಡಿ ರಸ್ತೆ ದಾಟಿದ್ದ. ದಾಟಿ, ಕೈಯಲ್ಲೊಂದು ಎಳನೀರು ಹಿಡಿದು, ಅವಳಿಗೆಂದೇ ಇರಬೇಕು, ತಿರುಗಿ ಬರುತ್ತಿದ್ದ. ಬೆಂಗಳೂರಿನ ಕಡೆಯಿಂದ ಬರುವ ಗಾಡಿಗಳನ್ನೇ ನೋಡುತ್ತಿದ್ದ. ಲಾರಿ ಬಂದದ್ದು ಆ ಕಡೆಯಿಂದಲ್ಲ, ತಪ್ಪು ದಾರಿಯಲ್ಲಿ, ಅವನ ಬೆನ್ನ ಹಿಂದಿನಿಂದ. ವ್ಯಾನಿನ ಬಾಗಿಲಲ್ಲಿ ನಿಂತಿದ್ದ ಅವಳು ಅದನ್ನು ಎಲ್ಲರಿಗಿಂತ ಮೊದಲು ಕಂಡಳು. ಇಕಾ ಎಂದಳು. ಇಕಾ, ಇಕಾ. ಹೆದ್ದಾರಿಯಲ್ಲಿ ಇಕಾ ಎಂಬುದು ಯಾರ ಹೆಸರೂ ಅಲ್ಲ. ಚಹಾ ಕುಡಿಯುತ್ತಿದ್ದ ಅಪರಿಚಿತನೊಬ್ಬ ಅವಳ ಕಡೆ ತಿರುಗಿದ. ಅವನು ತಿರುಗಲಿಲ್ಲ.

ಹೆಸರು ಬಾಯಿಗೆ ಬಂದಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮರೆತಿದ್ದಳು, ಹೊಳೆಯಲಿಲ್ಲ, ಗಾಬರಿಯಲ್ಲಿ ಬಾಯಿ ಕಟ್ಟಿತು ಎಂದಿದ್ದರೆ ದೇವರೂ ಒಪ್ಪುತ್ತಿದ್ದ. ಹಾಗಲ್ಲ. ಹೆಸರು ನಾಲಿಗೆಯ ತುದಿಗೆ ಬಂತು, ಆ ಗಳಿಗೆಯಲ್ಲಿ ಅವಳು ವ್ಯಾನಿನ ನೆರಳಿನಲ್ಲಿ ನಿಂತ ಹಿರಿಯರ ಬೆನ್ನುಗಳನ್ನು ನೋಡಿದಳು. ಗಂಡಿನ ಕಡೆಯವರ ಎದುರಿಗೆ, ನಡುಬೀದಿಯಲ್ಲಿ, ಗಂಡನನ್ನು ಹೆಸರು ಹಿಡಿದು ಕೂಗಿದಳು ಎನ್ನುತ್ತಾರೆ. ಅಷ್ಟೇ ಯೋಚಿಸಿದ್ದು. ಅಷ್ಟು ಯೋಚಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಉಳಿದಿತ್ತು. ಪೊಲೀಸರಿಗೂ ಅತ್ತೆಗೂ ಅವಳು ಹೇಳಿದ್ದು, ತಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ, ನೋಡಲಿಲ್ಲ ಎಂದು. ಮೂರು ವರ್ಷ ಆ ಚಪ್ಪಲಿಯನ್ನು ಹಾಕಿಕೊಂಡೇ ಓಡಾಡಿದಳು. ಆ ಹೆಸರನ್ನು ತನ್ನ ಬಾಯಿ ಹೇಳಲಾರದು, ಹುಟ್ಟಿದ ಮೂಗಿ ಹಾಡಲಾರದ ಹಾಗೆ ಹೇಳಲಾರದು ಎಂದು ನಂಬಿಕೊಂಡೇ ಅವಳು ಬದುಕಿದ್ದಳು. ಇಂದು ಒಂದು ಯಂತ್ರಕ್ಕೆ, ಒಂದು ಕೆಲಸಕ್ಕೆ, ಅದನ್ನು ಹೇಳಿಬಿಟ್ಟರೆ ಆ ನಂಬಿಕೆ ಉಳಿಯುವುದಿಲ್ಲ. ಹೇಳಬಹುದಾಗಿತ್ತು ಎಂದು ಗೊತ್ತಾಗಿಬಿಡುತ್ತದೆ.

ಬೆಳಗಿನಿಂದ ಅತ್ತೆ ಹೊರಗೆ ಹೊಂಗೆ ಮರದ ಕೆಳಗೆ ಕೂತು ಸದ್ದು ಕಾಯುತ್ತಿದ್ದಳು. ಕೋಳಿ ಕೂಗಿದರೆ ಓಡಿಸುವುದು, ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗುತ್ತ ಬಂದರೆ ಕೈಯಾಡಿಸಿ ನಿಲ್ಲಿಸಿ, ಒಳಗೆ ನಮ್ಮ ಸೊಸೆ ಆಫೀಸು ಮಾಡ್ತಾವ್ಳೆ ಎಂದು ಗದರುವುದು. ಎಪ್ಪತ್ತರ ಮುದುಕಿಗೆ ಅದೊಂದು ಹೊಸ ಹುದ್ದೆ ಸಿಕ್ಕಂತಾಗಿತ್ತು. ನಾಲ್ಕೂವರೆಗೆ ಕೌದಿ ಸರಿಸಿ ಇಣುಕಿ, ಡೇರಿಗೆ ಹಾಲು ಹಾಕಿ ಬರುತ್ತೇನೆ, ಬೀದಿಯಲ್ಲಿ ಯಾರೂ ಇಲ್ಲ, ನೀನು ಓದಿಕೋ ಎಂದಳು. ಅವಳ ಚಪ್ಪಲಿಯ ಸದ್ದು ದೂರವಾಯಿತು. ಸುತ್ತ ಅಷ್ಟು ನಿಶ್ಶಬ್ದ ಬೆಳಗಿನಿಂದ ಇರಲಿಲ್ಲ. ಆದಿಲಕ್ಷ್ಮಮ್ಮ ನೀರು ಕುಡಿದಳು. ಸೆರಗು ಸರಿಮಾಡಿಕೊಂಡಳು, ಯಾರ ಎದುರಿಗೋ ಗೊತ್ತಿಲ್ಲ. ಕೆಂಪು ಗುಂಡಿ ಒತ್ತಿದಳು. ಮುನಿಯಲ್ಲಪ್ಪ ನಾಳೆ ಮುಳಬಾಗಿಲಿನಿಂದ ಬರುತ್ತಾನೆ. ಬಾಯಿ ತಡವರಿಸಲಿಲ್ಲ. ದಿನಾ ಕರೆದು ರೂಢಿಯಾದ ಹೆಸರಿನ ಹಾಗೆ, ಹಾಲು, ಉಪ್ಪು ಎಂದಷ್ಟೇ ಸಲೀಸಾಗಿ ಬಂತು. ಅವಳಿಗೆ ಅಳು ಬರಲಿಲ್ಲ. ಇಷ್ಟೇನಾ ಎಂದುಕೊಂಡಳು. ಕೇಳಿ ನೋಡುವುದನ್ನೂ ಮರೆತು ಕಳಿಸಿದಳು.

ಐದು ನಿಮಿಷಕ್ಕೆ ಅನಿತಳ ಫೋನು ಬಂತು. ಹೇಳಿದಿರಲ್ಲ ಅಮ್ಮ, ಎಷ್ಟು ಚೆನ್ನಾಗಿ ಬಂದಿದೆ ಎಂದು ಹೊಗಳಿದಳು. ಆದರೆ ಒಂದು ತೊಂದರೆ ಇದೆ ಎಂದಳು. "ಕೊನೇಲಿ ಯಾರೋ ಗಂಡಸ್ರು ಓ ಅಂದಿದ್ದಾರೆ. ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡಿದ್ದೀರಾ? ಅವ್ರನ್ನ ಸ್ವಲ್ಪ ಆಚೆ ಕಳಿಸಿ ಇನ್ನೊಂದ್ ಸಲ ಮಾಡ್ಬಿಡಿ. ಇನ್ನೂ ಟೈಮಿದೆ." ಯಾರೂ ಇಲ್ಲ ಎಂದು ಆದಿಲಕ್ಷ್ಮಮ್ಮ ಹೇಳಲಿಲ್ಲ. ಹೂಂ ಎಂದಳು. ಫೋನಿಟ್ಟು, ಕಲಿಸಿದ ಹಾಗೆಯೇ ತ್ರಿಕೋನದ ಗುರುತಿನ ಮೇಲೆ ಬಾಣವನ್ನು ತಂದು ಒತ್ತಿದಳು. ತನ್ನ ದನಿ ಬಂತು, ತೆಳ್ಳಗೆ, ಯಾವುದೋ ಹೆಂಗಸಿನ ದನಿ. ವಾಕ್ಯ ಮುಗಿಯಿತು. ಅರ್ಧ ಉಸಿರಿನಷ್ಟು ಖಾಲಿ. ಆಮೇಲೆ ದೂರದಿಂದ, ಹಿಪ್ಪುನೇರಳೆ ತೋಟದ ಆ ತುದಿಯಿಂದ ಬಂದಂತೆ, ಓ.

ಆ ಓಗೊಡುವಿಕೆ ಊರಿಗೇ ಗೊತ್ತಿತ್ತು. ಅತ್ತೆ ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ, ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವನು ತಲೆಯೆತ್ತದೆಯೇ ಎಳೆದು ಹಾಗೆ ಎನ್ನುತ್ತಿದ್ದ, ಶುರುವಿನಲ್ಲಿ ಕೊಂಚ ಗೊಗ್ಗರು, ಕೊನೆಯಲ್ಲಿ ಮೇಲಕ್ಕೇಳುವ ಓ. ಅತ್ತೆ ಕರೆದರೆ ಎನ್ನುತ್ತಿದ್ದ. ಸೊಣ್ಣಪ್ಪ ಕರೆದರೆ ಎನ್ನುತ್ತಿದ್ದ. ಇಕಾ ಎಂದರೆ ಬರೀ ಆಂ ಎಂದು ಕತ್ತು ತಿರುಗಿಸುತ್ತಿದ್ದ. ಆ ಓ ಇವಳ ಪಾಲಿಗೆ ಒಂದು ಸಲವೂ ಬಂದಿರಲಿಲ್ಲ. ಮತ್ತೆ ಒತ್ತಿ ಕೇಳಿದಳು. ಮತ್ತೆ. ಏಳೆಂಟು ಸಲ ಕೇಳಿದಳು. ಪ್ರತಿಸಲವೂ ಅದೇ ಜಾಗದಲ್ಲಿ, ಅದೇ ದೂರದಲ್ಲಿ. ಬೀದಿಯಲ್ಲಿ ಯಾರೋ ಯಾರಿಗೋ ಓಗೊಟ್ಟಿರಬಹುದು. ಇರಬಹುದು. ಆದರೆ ಅವಳಿಗೆ ಮೈ ಜುಮ್ಮೆಂದದ್ದು ಸತ್ತವನು ಮಾತಾಡಿದನೆಂಬುದಕ್ಕಲ್ಲ. ಕರೆದ ಕೂಡಲೇ ಓಗೊಟ್ಟನಲ್ಲ, ಎಂಬುದಕ್ಕೆ. ಅರ್ಧ ಉಸಿರು ಅಷ್ಟೇ. ಹೆದ್ದಾರಿಯಲ್ಲೂ ಅರ್ಧ ಉಸಿರಿನಲ್ಲಿ ಓ ಎಂದು ತಿರುಗುತ್ತಿದ್ದ. ಲಾರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು.

ಐದೂಕಾಲು. ಇದರ ಮೇಲೆ ಹೊಸದು ಓದಿದರೆ ಇದು ಹೋಗುತ್ತದೆ, ಮತ್ತೆ ಹುಡುಕಿದರೂ ಸಿಗುವುದಿಲ್ಲ. ಓದದಿದ್ದರೆ ಸೋಮವಾರ ಲ್ಯಾಪ್‌ಟಾಪಿನ ಜೊತೆ ಇದೂ ಹೋಗುತ್ತದೆ, ಆಮೇಲೆ ಸೊಣ್ಣಪ್ಪನ ಹಿಂದಿನ ಕೋಣೆ, ಪಾತ್ರೆಗಳ ಸದ್ದು, ಆ ಸದ್ದನ್ನು ಕೇಳಿಸಿಕೊಳ್ಳದ ಹಾಗೆ ತಲೆ ತಗ್ಗಿಸಿ ಉಣ್ಣುವ ಅತ್ತೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಅವಳು ಕೂತಳು. ಯಾವ ದಾರಿ ಹಿಡಿದರೂ ಅವನು ಹೋಗುವವನೇ. ಈ ಸಲ ಕಳಿಸುವವಳು ನಾನೇ ಎಂಬುದೊಂದೇ ವ್ಯತ್ಯಾಸ, ಎಂದುಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಅವನ ಮೇಲೆ ಸಿಟ್ಟು ಬಂತು. ಇಕಾ ಎಂದದ್ದು ನನ್ನ ದನಿಯಲ್ಲವೇ, ಇಪ್ಪತ್ನಾಲ್ಕು ವರ್ಷ ಕೇಳಿದ ದನಿ, ಅದಕ್ಕೆ ಯಾಕೆ ತಿರುಗಲಿಲ್ಲ. ಸಿಟ್ಟಿನಲ್ಲೇ ಗುಂಡಿ ಒತ್ತಿದಳು, ಹೆಸರನ್ನು ಜಗಳಕ್ಕೆ ಕರೆದಂತೆ ಕರೆದು ವಾಕ್ಯವನ್ನು ಮುಗಿಸಿದಳು. ಈ ಸಲ ಕಳಿಸುವ ಮುನ್ನ ಕೇಳಿ ನೋಡಿದಳು. ಅವಳ ದನಿ, ಅರ್ಧ ಉಸಿರು, ಓ. ಹತ್ತಿರದಿಂದ. ಅಂಗಳದ ತೊಟ್ಟಿಯ ಬಳಿ ಕೈಕಾಲು ತೊಳೆಯುತ್ತ ಎಂದಂತೆ.

ಅವಳ ಬೆನ್ನು ಬಾಗಿಲ ಕಡೆಗಿತ್ತು. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಇದನ್ನೂ ಅಳಿಸಿ, ಹೆಸರು ಹಿಡಿದು ಮೂರನೆಯ ಸಲ ಓದಿದಳು. ಈಗ ಸಿಟ್ಟಿರಲಿಲ್ಲ, ಬೇಡಿಕೊಂಡಂತೆ ಇತ್ತು. ಏನು ಬೇಡಿಕೊಂಡಳೋ ಅವಳಿಗೇ ಸ್ಪಷ್ಟವಿರಲಿಲ್ಲ, ಓಗೊಡು ಎಂದೋ, ಓಗೊಡಬೇಡ ಎಂದೋ. ಕೇಳಿ ನೋಡಿದಳು. ಅವಳ ದನಿ. ಅರ್ಧ ಉಸಿರು. ಒಂದು ಉಸಿರು. ಕೌದಿ ಅಲುಗಿದಂಥ ಸಣ್ಣ ಸದ್ದು ಇದ್ದರೂ ಇರಬಹುದು. ಓ ಇರಲಿಲ್ಲ. ಒಳಗೆ ಬಂದವನು ಓಗೊಡುವುದಿಲ್ಲ ಎಂಬ ಮಾತು ಅವಳ ತಲೆಯಲ್ಲಿ ಹಾದುಹೋಯಿತು. ಬೆರಳು ತಾನಾಗಿಯೇ ಕಳಿಸುವ ಗುಂಡಿಯನ್ನು ಒತ್ತಿತು, ಮೂರು ತಿಂಗಳು ಕಲಿತ ಬೆರಳು. ಹಸಿರು ಗುರುತು ಬೀಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು, ಅಭಿನಂದನೆಗಳು ಎಂದಿತ್ತು. ಅನಿತಳೂ ಫೋನು ಮಾಡಿ ಸಂತೋಷಪಟ್ಟಳು. ಸೋಮವಾರದಿಂದಲೇ ಕೆಲಸ ಶುರು ಎಂದಳು, ದಿನಕ್ಕೆ ಇನ್ನೂರು ವಾಕ್ಯ. ಆದಿಲಕ್ಷ್ಮಮ್ಮ ಎಲ್ಲಕ್ಕೂ ಹೂಂ ಎಂದಳು. ಹಳೆಯ ಎರಡನ್ನೂ ಹುಡುಕಿ ನೋಡಿದಳು, ಗೊತ್ತಿದ್ದ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದಳು. ಇರಲಿಲ್ಲ.

ಅತ್ತೆ ಹಾಲಿನ ಕ್ಯಾನು ಹಿಡಿದೇ ಒಳಗೆ ಬಂದಳು. ಕೆಲಸ ಸಿಕ್ಕಿತೇ ಎಂದು ಕೇಳಿದಳು. ಸಿಕ್ಕಿತು ಎಂದಾಗ ಮುದುಕಿಯ ಮುಖ ಅರಳಿತು. ಸೊಣ್ಣಪ್ಪನಿಗೆ ಈಗಲೇ ಹೇಳಿಕಳಿಸಬೇಕು, ಅವನ ಕೋಣೆಯಲ್ಲಿ ಅವನೇ ಮಲಗಲಿ ಎಂದಳು. ಸೊಸೆಯ ಮುಖ ನೋಡಿ ಮಾತು ನಿಲ್ಲಿಸಿದಳು. ಆದಿಲಕ್ಷ್ಮಮ್ಮ ಹೆಡ್‌ಫೋನು ತೆಗೆದು ಚಾಪೆಯ ಮೇಲಿಟ್ಟಳು. ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ಆ ಹೆಸರು ಹೊರಗೆ ಬಂದ ದಾರಿಯಲ್ಲೇ ಇದೂ ಬಂತು. "ಅತ್ತೆ, ಅವತ್ತು ನಾನ್ ಚಪ್ಪಲಿ ಸರಿಮಾಡ್ಕೊತಿರ್ಲಿಲ್ಲ. ಲಾರಿ ಬರೋದ್ ನೋಡ್ದೆ. ಹೆಸರು ಬಾಯಿಗ್ ಬಂದಿತ್ತು. ದೊಡ್ಡೋರೆಲ್ಲಾ ಇದ್ರು ಅಂತ ಕೂಗ್ಲಿಲ್ಲ." ಇಷ್ಟು ಹೇಳಿ, ಇಂದು ನಡೆದದ್ದನ್ನೂ ಹೇಳಿದಳು, ವಾಕ್ಯ, ತೋಟದ ತುದಿಯಿಂದ ಬಂದ ಓ, ತೊಟ್ಟಿಯ ಬಳಿಯಿಂದ ಬಂದ ಓ, ಅದನ್ನು ತಾನೇ ಅಳಿಸಿದ್ದು. ಬೈಯಲಿ, ಹೊಡೆಯಲಿ ಎಂದು ಕಾದಳು. ಆ ಕ್ಯಾನಿನಿಂದ ಹೊಡೆದರೂ ಆಗಬಹುದಿತ್ತು.

ಚಿಕ್ಕಗಂಗಮ್ಮ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟಳು. ಗೋಡೆ ಹಿಡಿದುಕೊಂಡು ಚಾಪೆಯ ಮೇಲೆ ಕೂತಳು. ಬಹಳ ಹೊತ್ತು ಚಂದ್ರಿಕೆಗಳನ್ನು ನೋಡಿದಳು. "ಹೇಳ್ಬಾರ್ದು ಅಂತ ಹೇಳ್ಕೊಟ್ಟೋಳು ನಾನಲ್ವಾ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. ಆಮೇಲೆ ಸೊಸೆಯ ಮೊಣಕೈ ಹಿಡಿದಳು. ದುಃಖ ಬಂದರೆ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು, ಪಿಲುವು ಎಂದಳು, ಅರ್ಥವಾಗಲಿಲ್ಲವೇನೋ ಎಂದು ಕನ್ನಡದಲ್ಲಿ ಮತ್ತೆ ಹೇಳಿದಳು. "ಇನ್ನೊಂದ್ ಸಲ ಕರಿ ಆದೀ. ನನ್ ಎದುರಿಗೇ ಕರಿ. ನಾನೂ ಕೇಳಿಸ್ಕೊತೀನಿ."

ಕರೆದರೂ ಇನ್ನೇನೂ ಇಲ್ಲ, ತಾನೇ ಅಳಿಸಿದೆ ಎಂದು ಆದಿಲಕ್ಷ್ಮಮ್ಮ ಹೇಳಬೇಕೆಂದಿದ್ದಳು. ಆದರೆ ಮೊಣಕೈ ಹಿಡಿದ ಬೆರಳುಗಳು ಬಿಡಲಿಲ್ಲ. ಅವಳು ಬಾಗಿಲ ಕಡೆ ತಿರುಗಿ, ಕೌದಿಯನ್ನು ನೋಡುತ್ತ, ವಾಕ್ಯದ ಆಸರೆಯಿಲ್ಲದೆ, ಹೆದ್ದಾರಿಯ ಆಚೆ ದಡಕ್ಕೆ ಕೇಳಿಸುವಷ್ಟು ಜೋರಾಗಿ ಗಂಡನ ಹೆಸರು ಹಿಡಿದು ಕೂಗಿದಳು. ಆ ಕೂಗಿಗೆ ಹೊಂಗೆ ಮರದ ಕಾಗೆಗಳು ಎದ್ದವು. ಕಾಗೆಗಳ ಸದ್ದೂ ಅಡಗಿತು. ಇಬ್ಬರೂ ಉಸಿರು ಹಿಡಿದು ಕೂತರು. ಅರ್ಧ ಉಸಿರು, ಒಂದು ಉಸಿರು, ಎರಡು.

ಚಿಕ್ಕಗಂಗಮ್ಮನ ಮುಖ ನಿಧಾನವಾಗಿ ಸಡಿಲವಾಯಿತು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

"ಓ ಅಂದ ಕಣೇ," ಎಂದಳು.

ಆದಿಲಕ್ಷ್ಮಮ್ಮನಿಗೆ ಏನೂ ಕೇಳಿಸಿರಲಿಲ್ಲ.